ಸೋಂಕಿನ ಬಗ್ಗೆ ನಾನು ಮಾಡಿದ ಭಾಷಣ

ಉಪದೇಶ ಮಾಡುವುದು ನನ್ನ ಹೊಟ್ಟೆಪಾಡು. ಕೊಲ್ಲಿ ದೇಶದ ಅಹ್ಮದಿ ಎಂಬ ಊರಿನ ಒಂದು ಗುತ್ತಿಗೆ ಕಂಪನಿಯಲ್ಲಿ ನಾನು ಸೇಫ್ಟಿ ಆಫೀಸರ್ ಆಗಿ ಹದಿನೆಂಟು ವರ್ಷವಾಯಿತು. ಬೆಳಿಗ್ಗೆ ಐದೂವರೆಗೆ ಕಾರ್ಮಿಕರನ್ನು ಸಾಲಾಗಿ ನಿಲ್ಲಿಸಿಕೊಂಡು, ಹೆಲ್ಮೆಟ್ ಹಾಕಿ, ನೀರು ಕುಡಿಯಿರಿ, ಏಣಿಯ ಕೆಳಗೆ ನಿಲ್ಲಬೇಡಿ ಎಂದು ಹಿಂದಿ, ಇಂಗ್ಲಿಷು, ಅರಬ್ಬಿ ಮೂರನ್ನೂ ಕಲಸಿ ಹತ್ತು ನಿಮಿಷ ಬೋಧಿಸುತ್ತೇನೆ. ಕೊನೆಗೆ ‘ಖಲಾಸ್, ಯಲ್ಲಾ’, ಅಂದರೆ ಮುಗಿಯಿತು, ನಡೆಯಿರಿ, ಎಂದಾಗ ಅವರ ಮುಖ ಅರಳುತ್ತದೆ. ಅದು ನನ್ನ ಮಾತಿನ ಪ್ರಭಾವ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಮನೆಗೆ ಬಂದ ಮೇಲೂ ಚಾಳಿ ಬಿಡುವುದಿಲ್ಲ. ಹೆಂಡತಿ ಗ್ಯಾಸ್ ಹಚ್ಚುವಾಗ ಹಿಂದೆ ನಿಂತು ಸೂಚನೆ ಕೊಟ್ಟು ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ.

ಇದರ ಜೊತೆಗೆ ನನಗೊಂದು ಹುಚ್ಚಿದೆ. ನೂರೈವತ್ತು ವರ್ಷ ಹಿಂದೆ, ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಊರುಗಳಲ್ಲಿ ಜನ ಹೇಗೆ ಕಾಯಿಲೆ ಬಿದ್ದರು, ಹೇಗೆ ಸತ್ತರು, ಚರಂಡಿ ಹೇಗೆ ಕಟ್ಟಿದರು ಎಂಬುದನ್ನು ಓದುವುದು. ಬೇರೆಯವರು ಕ್ರಿಕೆಟ್ ನೋಡುವ ಹೊತ್ತಿನಲ್ಲಿ ನಾನು ಯಾವುದೋ ಹಳೆಯ ಊರಿನ ಆರೋಗ್ಯಾಧಿಕಾರಿ ಬರೆದ ವರದಿಯನ್ನು ಫೋನಿನಲ್ಲಿ ಹಿಗ್ಗಿಸಿ ಓದುತ್ತಿರುತ್ತೇನೆ. ಯಾವ ಬಾವಿಯ ಪಕ್ಕ ಯಾವ ಪಾಯಿಖಾನೆ ಇತ್ತು, ಯಾವ ಬೀದಿಯಲ್ಲಿ ಎಷ್ಟು ಮಕ್ಕಳಿಗೆ ಜ್ವರ ಬಂತು ಎಂದು ಊಟದ ಹೊತ್ತಿನಲ್ಲೇ ಹೇಳಲು ಶುರು ಮಾಡುತ್ತೇನೆ. ನನ್ನ ಮಗಳು ತಟ್ಟೆ ಎತ್ತಿಕೊಂಡು ತನ್ನ ಕೋಣೆಗೆ ಹೋಗುತ್ತಾಳೆ.

ಹತ್ತಿಪ್ಪತ್ತು ಕನ್ನಡ ಕುಟುಂಬಗಳು ಸೇರಿ ಮಾಡಿಕೊಂಡ ಓದುಗರ ಬಳಗವೊಂದು ನಮ್ಮದಿದೆ. ತಿಂಗಳಿಗೊಂದು ಶುಕ್ರವಾರ ಒಂದು ಹೋಟೆಲಿನ ಮಹಡಿಯಲ್ಲಿ ಸೇರುತ್ತೇವೆ. ಯಾರಾದರೂ ಒಬ್ಬರು ಮಾತಾಡಬೇಕು, ಉಳಿದವರು ಕೇಳಬೇಕು, ಆಮೇಲೆ ಎಲ್ಲರೂ ತಿನ್ನಬೇಕು. ಹೋದ ಮಾರ್ಚಿನಲ್ಲಿ ನಿಗದಿಯಾಗಿದ್ದ ಡಾಕ್ಟರೊಬ್ಬರು ಕೊನೆಗಳಿಗೆಯಲ್ಲಿ ರಜೆಯ ಮೇಲೆ ಊರಿಗೆ ಹೋದರು. ಬೇರೆ ಯಾರೂ ಸಿಗದೆ ಕಾರ್ಯದರ್ಶಿಗಳು ನನಗೆ ಫೋನ್ ಮಾಡಿದರು. ಅವರು ಮಾತು ಮುಗಿಸುವ ಮೊದಲೇ ನಾನು ಒಪ್ಪಿದ್ದೆ. ‘ವಿಕ್ಟೋರಿಯಾ ಕಾಲದ ಒಂದು ಊರು, ಅದರ ಸೋಂಕು ರೋಗಗಳು ಮತ್ತು ನಾವು ಕಲಿಯಬೇಕಾದ ಪಾಠ’ ಎಂದು ಶೀರ್ಷಿಕೆಯನ್ನೂ ಕಳಿಸಿಬಿಟ್ಟೆ.

ಅದಕ್ಕೆ ಸುಮಾರು ಎರಡು ವಾರ ಮೊದಲು ಅರ್ದಿಯಾದಲ್ಲಿರುವ ನಮ್ಮ ಕಾರ್ಮಿಕರ ವಸತಿಯಿಂದ ಫೋನ್ ಬಂದಿತ್ತು. ಒಬ್ಬನಿಗೆ ಚಿಕನ್‌ಪಾಕ್ಸ್ ಆಗಿದೆ, ಬಂದು ನೋಡಿ ಎಂದರು. ರೋಗಿ ದಕ್ಷಿಣ ಕನ್ನಡದ ಬ್ಯಾರಿ, ಮೂವತ್ತೈದು ದಾಟಿದ ಫೋರ್ಕ್‌ಲಿಫ್ಟ್ ಡ್ರೈವರ್. ನಾನು ಹೋಗುವ ಹೊತ್ತಿಗೆ ಅವನೇ ಬೇರೆ ಕೋಣೆಗೆ ಹೋಗಿ, ತನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡು, ಬಾಗಿಲು ಹಾಕಿಕೊಂಡು ಕೂತಿದ್ದ. ಅಂದರೆ ಮಾಡಬೇಕಾದದ್ದೆಲ್ಲ ಮುಗಿದಿತ್ತು. ಆದರೆ ಉಪದೇಶ ಬಾಕಿಯಿತ್ತಲ್ಲ! ನಾನು ಬಾಗಿಲು ತೆಗೆಸಿ ಒಳಗೆ ಹೋದೆ.

“ಹತ್ತಿರ ಬರ್ಬೇಡಿ ಸರ್. ನಿಮಗೆ ಮೊದಲು ಆಗಿದೆಯಾ ಮಾರಾಯ್ರೆ?” ಎಂದು ಅವನು ಗೋಡೆಗೆ ಒತ್ತಿ ಕೂತ.

“ಆಗಿದೆಯಪ್ಪ, ಚಿಕ್ಕವನಿದ್ದಾಗಲೇ,” ಎಂದೆ. ಮಾಸ್ಕಿನೊಳಗಿಂದ ನನ್ನ ಧ್ವನಿ ಸರಿಯಾಗಿ ಕೇಳುತ್ತಿಲ್ಲ ಅನ್ನಿಸಿ ಅದನ್ನು ಗಲ್ಲಕ್ಕೆ ಇಳಿಸಿ, ಸೋಂಕು ಹೇಗೆ ಗಾಳಿಯಲ್ಲಿ ಹರಡುತ್ತದೆ ಎಂಬುದನ್ನು ಕಾಲು ಗಂಟೆ ವಿವರಿಸಿದೆ. ಅವನು ತಲೆಯಾಡಿಸುತ್ತಲೇ ಇದ್ದ.

ನಾನು ಸುಳ್ಳು ಹೇಳಿರಲಿಲ್ಲ. ನನಗೆ ಆಗಿತ್ತು ಎಂದೇ ನಂಬಿದ್ದೆ. ಬೇವಿನ ಎಲೆಯ ಹಾಸಿಗೆ, ಬೇವಿನ ನೀರಿನ ಸ್ನಾನ, ತಣ್ಣನೆಯ ಮೊಸರನ್ನ ಎಲ್ಲ ನೆನಪಿತ್ತು. ಇದೆಲ್ಲ ಮುಗಿದ ಮೇಲೆ ಮೈಸೂರಿನಲ್ಲಿರುವ ನನ್ನ ತಮ್ಮನನ್ನು ಕೇಳಿದಾಗ ಗೊತ್ತಾಯಿತು, ಆಗಿದ್ದು ಅವನಿಗೆ. ನನ್ನನ್ನು ಆಗ ಚಿಕ್ಕಪ್ಪನ ಮನೆಗೆ ಕಳಿಸಿದ್ದರಂತೆ. ಅವನ ಕಾಯಿಲೆಯ ಕಥೆಯನ್ನು ಕೇಳಿ ಕೇಳಿ, ನಲವತ್ತು ವರ್ಷದಲ್ಲಿ ಅದನ್ನು ನನ್ನದೇ ಮಾಡಿಕೊಂಡಿದ್ದೆ. ಚಿಕ್ಕಂದಿನಲ್ಲಿ ಅವನ ಸೈಕಲ್ಲನ್ನೂ ಹೀಗೆಯೇ ಮಾಡಿಕೊಂಡಿದ್ದೆ ಎಂದು ಅವನು ನೆನಪಿಸಿದ.

ಭಾಷಣದ ಶುಕ್ರವಾರ ಬೆಳಿಗ್ಗೆ ನಾನು ಬನಿಯನ್ ಹಾಕಿಕೊಂಡು ಕಾಫಿ ಕುಡಿಯುತ್ತ ಟಿಪ್ಪಣಿ ತಿದ್ದುತ್ತಿದ್ದೆ. ಎರಡು ದಿನದಿಂದ ಮೈಕೈ ನೋವಿತ್ತು, ಬೆನ್ನು ತುರಿಸುತ್ತಿತ್ತು. ವಿಸಿಟ್ ವೀಸಾದಲ್ಲಿ ಬಂದಿದ್ದ ನಮ್ಮತ್ತೆ ಎದುರಿಗೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಅವರು ಮಂಡ್ಯದ ಕಡೆಯವರು. ತೆಗೆಯುವುದನ್ನು ನಿಲ್ಲಿಸಿ ನನ್ನ ತೋಳನ್ನೇ ನೋಡಿದರು.

“ಅಳಿಯಂದ್ರೇ, ಬೆನ್ನು ತಿರುಗ್ಸಿ ಒಸಿ.”

ತಿರುಗಿಸಿದೆ. ಅವರು ಮುಟ್ಟಲಿಲ್ಲ. ತರಕಾರಿ ಬುಟ್ಟಿ ಕೆಳಗಿಟ್ಟು ಎದ್ದು ನಿಂತರು.

“ಅಮ್ಮ ಬಂದವ್ಳೆ. ನೀವು ಒಳಗೋಗಿ ಮಲಿಕಳಿ. ಎಲ್ಲಿಗೂ ಓಗ್ಬೇಡಿ.”

ನಾನು ನಕ್ಕೆ. ಇವತ್ತಿಗೂ ಆ ನಗು ನೆನೆದರೆ ಮೈ ಉರಿಯುತ್ತದೆ. ಇದು ಡಿಟರ್ಜೆಂಟ್ ಅಲರ್ಜಿ, ಹೊಸ ಪುಡಿ ತಂದಿದ್ದೇವಲ್ಲ ಎಂದೆ. ಅಮ್ಮ ಗಿಮ್ಮ ಎಲ್ಲ ಮೂಢನಂಬಿಕೆ ಅತ್ತೆ, ಅದು ವೈರಸ್ಸು ಎಂದು ಅವರಿಗೂ ಐದು ನಿಮಿಷ ಬೋಧಿಸಿದೆ. ಅವರು ವಾದಕ್ಕೆ ನಿಲ್ಲಲಿಲ್ಲ. ವೈರಸ್ಸೋ ಅಮ್ಮನೋ, ಮನೆಯಲ್ಲಿರಿ ಎಂದಷ್ಟೇ ಹೇಳಿದರು. ವಿಜ್ಞಾನ ಓದಿದವನು ನಾನು, ವಿಜ್ಞಾನದ ಮಾತನ್ನು ಹೇಳಿದ್ದು ಅವರು. ಆದರೆ ಸಂಜೆಗೆ ನಲವತ್ತು ಜನ ನನ್ನ ಮಾತು ಕೇಳಲು ಬರುವವರಿದ್ದರು. ಅಂಥ ಅವಕಾಶವನ್ನು ಬೆನ್ನ ಮೇಲಿನ ಆರು ಗುಳ್ಳೆಗೋಸ್ಕರ ಬಿಡುವ ಗಂಡಸು ನಾನಲ್ಲ. ಪೂರ್ತಿ ತೋಳಿನ ಅಂಗಿ ಹಾಕಿಕೊಂಡು ಹೊರಟೆ. ಅತ್ತೆಯೂ ಹೆಂಡತಿಯ ಜೊತೆ ಬಂದರು, ಆದರೆ ನನ್ನ ಪಕ್ಕದ ಸೀಟಿನಲ್ಲಿ ಕೂರಲಿಲ್ಲ.

ಭಾಷಣ ಚೆನ್ನಾಗಿಯೇ ಆಯಿತು. ಸುಳ್ಳೇಕೆ ಹೇಳಲಿ, ಭಾಷಣ ಮಾಡುವುದು ನನಗೆ ಬರುತ್ತದೆ. ಹಳೆಯ ಊರಿನ ಕತ್ತಲೆ ಓಣಿಗಳು, ಒಂದೇ ನಲ್ಲಿಗೆ ಕ್ಯೂ ನಿಂತ ಹೆಂಗಸರು, ಚರಂಡಿಗೆ ತೆರಿಗೆ ಕೊಡಲು ಒಪ್ಪದ ಶ್ರೀಮಂತರು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದೆ. ಆ ಕಾಲದಲ್ಲಿ ಮನೆಯಲ್ಲಿ ಜ್ವರವಿದ್ದರೆ ವ್ಯಾಪಾರ ನಿಂತುಹೋಗುತ್ತದೆಂದು ಹೆದರಿ ಜನ ಮುಚ್ಚಿಡುತ್ತಿದ್ದರು. ಹಾಲಿನವರೂ ಮುಚ್ಚಿಡುತ್ತಿದ್ದರು. ಮಗು ಒಳಗೆ ಜ್ವರದಲ್ಲಿ ಮಲಗಿರುವಾಗ ಹೊರಗೆ ಬೀದಿಗೆಲ್ಲ ಹಾಲು ಅಳೆದು ಕೊಡುತ್ತಿದ್ದ ಹಾಲಿನವನನ್ನು ನಾನು ವೇದಿಕೆಯ ಮೇಲೆ ನಿಂತು ಬೈದೆ. “ಎರಡು ದಿನ, ಬರೀ ಎರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಒಂದು ಬೀದಿ ಖಾಲಿಯಾಗುತ್ತದೆ,” ಎಂದೆ. ಚಪ್ಪಾಳೆ ಬಿತ್ತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಆದರೆ ಸೈಟಿನಲ್ಲಿ ಪ್ರಾತ್ಯಕ್ಷಿಕೆ ತೋರಿಸಿ ಅಭ್ಯಾಸ. ಜೇಬಿನಿಂದ ಒಂದು ಪೊಟ್ಟಣ ಅರಿಶಿನಪುಡಿ ತೆಗೆದು ಬಲ ಅಂಗೈಗೆ ಧಾರಾಳವಾಗಿ ಬಳಿದುಕೊಂಡೆ. “ಈಗ ನಾನು ರೋಗಿ. ನನ್ನ ಕೈ ಕುಲುಕುವವರು ಯಾರು?” ಎಂದೆ. ಕಾರ್ಯಕ್ರಮ ನಿರೂಪಣೆ ಮಾಡುತ್ತಿದ್ದ ಹುಡುಗಿ ನಗುತ್ತ ಮುಂದೆ ಬಂದಳು. ಶರ್ಕ್ ಬಡಾವಣೆಯ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುವ, ಮದುವೆಯಾಗಿ ಮೂರು ವರ್ಷವಾದ ಹುಡುಗಿ. ಆಗ ಅವಳಿಗೆ ಏಳು ತಿಂಗಳು. ಅವಳ ಕೈ ಕುಲುಕಿದೆ, ಅವಳು ಕಾರ್ಯದರ್ಶಿಗಳ ಕೈ ಕುಲುಕಿದಳು, ಅವರು ಇನ್ನೊಬ್ಬರದು. ಹೀಗೆ ಮುಂದಿನ ಸಾಲಿನ ಎಲ್ಲರ ಕೈಯೂ ಹಳದಿಯಾಯಿತು. “ನೋಡಿದಿರಾ? ಸೋಂಕು ಅಂದರೆ ಇದು!” ಎಂದು ಅವರ ಮುಖದ ಮುಂದೆಯೇ ನಿಂತು ಗಟ್ಟಿಯಾಗಿ ಕೂಗಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೂರನೇ ಸಾಲಿನಲ್ಲಿ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಭಾವುಕರಾಗಿದ್ದಾರೆ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಕನ್ನಡಿ ನೋಡಿದೆ. ಹಣೆ, ಕೆನ್ನೆ, ಕಿವಿಯ ಹಿಂದೆ, ನೆತ್ತಿಯ ಮೇಲೆ, ಎಲ್ಲೆಲ್ಲೂ ನೀರು ತುಂಬಿದ ಗುಳ್ಳೆ. ಮಗಳು ಬಾಗಿಲಲ್ಲಿ ನಿಂತು, “ಪಪ್ಪಾ, ಯು ಲುಕ್ ಲೈಕ್ ಅ ಪಿಜ್ಜಾ,” ಎಂದಳು. ಅವಳಿಗೆ ಲಸಿಕೆ ಆಗಿತ್ತು, ಹೆಂಡತಿಗೆ ಚಿಕ್ಕಂದಿನಲ್ಲೇ ಬಂದು ಹೋಗಿತ್ತು. ಮನೆಯಲ್ಲಿ ಬಾಕಿ ಉಳಿದಿದ್ದ ಬುದ್ಧಿವಂತ ನಾನೊಬ್ಬನೇ.

ಅತ್ತೆ ನಮ್ಮ ಹಿಂದಿನ ರಸ್ತೆಯಲ್ಲಿ ಎಂದೋ ನೋಡಿಟ್ಟುಕೊಂಡಿದ್ದ ಬೇವಿನ ಮರದಿಂದ ಸೊಪ್ಪು ತರಿಸಿದರು. ಒಂದು ಗೊಂಚಲು ಮುಂಬಾಗಿಲಿಗೆ ಸಿಕ್ಕಿಸಿದರು. ಎದುರು ಫ್ಲ್ಯಾಟಿನ ಈಜಿಪ್ಟಿನವರು ಅದನ್ನು ನೋಡಿ ಹಬ್ಬವೆಂದು ತಿಳಿದು ಶುಭಾಶಯ ಹೇಳಿದರಂತೆ. ಮನೆಯಲ್ಲಿ ಒಗ್ಗರಣೆ ನಿಂತಿತು, ಕರಿಯುವುದು ನಿಂತಿತು, ಬರುವವರಿಗೆಲ್ಲ ಬರಬೇಡಿ ಎಂದು ಫೋನ್ ಹೋಯಿತು. ನನ್ನ ವಿಕ್ಟೋರಿಯಾ ಕಾಲದ ಆರೋಗ್ಯಾಧಿಕಾರಿ ವರ್ಷಗಟ್ಟಲೆ ಬರೆದು ಬರೆದು ಜಾರಿಗೆ ತರಲಾಗದ್ದನ್ನು ಅತ್ತೆ ಅರ್ಧ ಗಂಟೆಯಲ್ಲಿ ಮುಗಿಸಿದರು. ನನ್ನ ಕೋಣೆಯ ಬಾಗಿಲಾಚೆ ನಿಂತು ಒಂದೇ ಮಾತು ಹೇಳಿದರು.

“ಆ ಬಸ್ರಿ ಉಡ್ಗಿ ಕೈ ಇಡ್ದ್ರಲ್ಲ ನೆನ್ನೆ, ಅವ್ಳಿಗೆ ಮೊದ್ಲು ಯೋಳಿ. ಈಗ್ಲೇ ಪೋನ್ ಮಾಡಿ.”

“ಡಾಕ್ಟರು ನೋಡಲಿ ಅತ್ತೆ, ಖಾತ್ರಿಯಾಗಲಿ. ಸುಮ್ಮನೆ ಹೆದರಿಸೋದು ಬೇಡ,” ಎಂದೆ.

ಖಾತ್ರಿ ಆಗಲೇ ಆಗಿತ್ತು. ಬಸುರಿಯರಿಗೆ ಈ ರೋಗ ತಗುಲಿದರೆ ತಾಯಿಗೂ ಅಪಾಯ, ಮಗುವಿಗೂ ಅಪಾಯ ಎಂಬುದು ನನಗೆ ಗೊತ್ತಿತ್ತು. ಅರ್ದಿಯಾದ ಕೋಣೆಯಲ್ಲಿ ನಾನೇ ಬೆರಳು ಮಡಚಿ ಹೇಳಿದ್ದೆ. ಆದರೆ ಆ ಹೊತ್ತಿಗೆ ಬಳಗದ ವಾಟ್ಸಾಪ್ ಗುಂಪಿನಲ್ಲಿ ನನ್ನ ಭಾಷಣದ ಹೊಗಳಿಕೆ ಹರಿದುಬರುತ್ತಿತ್ತು. ‘ಕಣ್ಣು ತೆರೆಸಿದಿರಿ ಸರ್’, ‘ಅರಿಶಿನದ ಐಡಿಯಾ ಸೂಪರ್’, ‘ಇಂಥ ಜ್ಞಾನಿಗಳು ನಮ್ಮ ನಡುವೆ ಇರುವುದು ನಮ್ಮ ಪುಣ್ಯ’. ಜೊತೆಗೆ ಕೈಮುಗಿದ ಚಿತ್ರಗಳ ಸಾಲು. ಅದರ ಕೆಳಗೆ ‘ನನಗೆ ಚಿಕನ್‌ಪಾಕ್ಸ್, ನಿಮಗೆಲ್ಲ ಹಚ್ಚಿದ್ದೇನೆ’ ಎಂದು ಬರೆಯಲು ಬೆರಳು ಏಳಲಿಲ್ಲ. ಸ್ವಲ್ಪ ಹೊತ್ತು ಇರಲಿ, ಇನ್ನೂ ನಾಲ್ಕು ಜನ ಹೊಗಳಲಿ ಅನ್ನಿಸಿತು. ಇದಕ್ಕಿಂತ ಕೆಟ್ಟದಾಗಿ ನನ್ನ ಬಗ್ಗೆ ನಾನು ಹೇಳಿಕೊಳ್ಳಲಾರೆ.

ಸಂಜೆ ಬರೆಯಲು ಕೂತೆ. ‘ಆತ್ಮೀಯ ಬಂಧುಗಳೇ, ವಿಧಿಯ ವಿಪರ್ಯಾಸವೆಂಬಂತೆ’ ಎಂದು ಶುರುವಾಯಿತು. ವಿಪರ್ಯಾಸ ಬೇಡ, ‘ವ್ಯಂಗ್ಯ’ ಚೆನ್ನಾಗಿದೆ ಅನ್ನಿಸಿ ತಿದ್ದಿದೆ. ಮೂರನೇ ಕರಡಿನಲ್ಲಿ ಒಂದು ತಮಾಷೆ ಸೇರಿಸಿದೆ, ನಾಲ್ಕನೆಯದರಲ್ಲಿ ತೆಗೆದೆ. ಮೈಯೆಲ್ಲ ಉರಿಯುತ್ತ, ಜ್ವರದಲ್ಲಿ ನಡುಗುತ್ತ, ನಾನು ಕಾಗುಣಿತ ನೋಡುತ್ತಿದ್ದೆ. ಭಾನುವಾರ ಸಂಜೆ ಡಾಕ್ಟರು ಬಾಗಿಲಲ್ಲೇ ನನ್ನ ಮುಖ ನೋಡಿ, ಕೂರಿಸದೆ, ಮಾತ್ರೆ ಬರೆದು ಕಳಿಸಿದರು. ಬಂದು ಮತ್ತೆ ಕರಡು ತೆರೆದೆ. ನಿದ್ದೆ ಬಂತು, ಮಲಗಿದೆ. ಆ ಬೀದಿಯ ಹಾಲಿನವನಿಗಾದರೂ ಹೊಟ್ಟೆಪಾಡು ಎಂಬ ಕಾರಣವಿತ್ತು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸಂದೇಶ ಕಳಿಸಿದೆ. ಕೊನೆಗೆ ಉಳಿದಿದ್ದು ಎರಡೇ ವಾಕ್ಯ. ಹತ್ತು ನಿಮಿಷದೊಳಗೆ ಆ ಹುಡುಗಿಯ ಫೋನ್ ಬಂತು. ಹಿಂದೆ ಬ್ಯಾಂಕಿನ ಗದ್ದಲ ಕೇಳುತ್ತಿತ್ತು.

“ಸರ್, ನನಗೆ ಯಾವತ್ತೂ ಆಗಿಲ್ಲ. ಲಸಿಕೆನೂ ಹಾಕಿಸಿಲ್ಲ. ಅಮ್ಮನ್ನ ಕೇಳ್ದೆ ಈಗ,” ಎಂದಳು. ಧ್ವನಿ ಗಟ್ಟಿಯಾಗಿಯೇ ಇತ್ತು. “ನಿಮಗೆ ಯಾವಾಗ ಗೊತ್ತಾಯ್ತು ಸರ್?”

“ಈಗ ತಾನೇ ಕಣಮ್ಮ. ಡಾಕ್ಟರು ಹೇಳಿದ ತಕ್ಷಣ ಹಾಕಿದೆ,” ಎಂದೆ.

ಎಷ್ಟು ಸಲೀಸಾಗಿ ಬಂತೆಂದರೆ, ನಾನೇ ಒಂದು ಕ್ಷಣ ನಂಬಿದೆ. ಬಾಗಿಲ ಬಳಿ ಅತ್ತೆ ಬೇವಿನ ನೀರಿನ ಬಕೆಟ್ಟು ಹಿಡಿದು ನಿಂತಿದ್ದರು. ಕೇಳಿಸಿಕೊಂಡರು. ಬಕೆಟ್ಟನ್ನು ಇಟ್ಟು ಹೋದರು. ಅವತ್ತಿನಿಂದ ಅವರು ಊರಿಗೆ ಹೋಗುವವರೆಗೂ ನನ್ನನ್ನು ‘ಅಳಿಯಂದ್ರೇ’ ಎಂದು ಕೂಗಿದ್ದು ನೆನಪಿಲ್ಲ. ಊಟ ಇಟ್ಟಿದೆ, ಮಾತ್ರೆ ಇಟ್ಟಿದೆ ಎನ್ನುತ್ತಿದ್ದರು ಅಷ್ಟೆ.

ಅವಳ ರಕ್ತ ಪರೀಕ್ಷೆಯಾಯಿತು. ಮೈಯಲ್ಲಿ ರಕ್ಷಣೆಯಿಲ್ಲ ಎಂದು ಬಂತು. ಅದಕ್ಕೊಂದು ಇಂಜೆಕ್ಷನ್ ಇದೆ. ಸೋಂಕಿನವರ ಹತ್ತಿರ ಇದ್ದು ನಾಲ್ಕು ದಿನದೊಳಗೆ ಕೊಟ್ಟರೆ ಉತ್ತಮ, ಎಷ್ಟು ಬೇಗವೋ ಅಷ್ಟು ಒಳ್ಳೆಯದು ಎಂದರಂತೆ. ಅದನ್ನು ಹುಡುಕಿ, ತರಿಸಿ, ಚುಚ್ಚುವ ಹೊತ್ತಿಗೆ ಮಂಗಳವಾರ ಸಂಜೆಯಾಗಿತ್ತು. ಅದು ನಾಲ್ಕನೇ ದಿನ. ಇನ್ನು ಮೂರು ನಾಲ್ಕು ವಾರ ಕಾದು ನೋಡಬೇಕು ಎಂದರು. ನಾನೂ ಕಾದೆ. ಕಾಯುವುದೇನು ಬಂತು, ನನಗೆ ಗುಳ್ಳೆ ಒಣಗುತ್ತಿತ್ತು, ಅತ್ತೆ ದಿನ ಲೆಕ್ಕ ಹಾಕಿ ಬೇವಿನ ನೀರು ಹಾಕಿದ್ದರು, ಮೊಸರನ್ನ ತಿಂದು ಮಲಗಿದ್ದೆ. ಅರ್ದಿಯಾದ ಡ್ರೈವರ್ ಗುಣವಾಗಿ ಕೆಲಸಕ್ಕೆ ಹೋಗಿದ್ದ, ಅವನೇ ಫೋನ್ ಮಾಡಿ, “ಕೆರ್ಕೊಳ್ಬೇಡಿ ಆಯ್ತಾ ಸರ್, ಕಲೆ ಉಳೀತದೆ,” ಎಂದ. ಅವನು ಕಾಲು ಗಂಟೆಯೇನೂ ತೆಗೆದುಕೊಳ್ಳಲಿಲ್ಲ.

ಹದಿನಾಲ್ಕನೇ ದಿನ ಕಾರ್ಯದರ್ಶಿಗಳಿಗೆ ಬಂತು. ಮಾರನೆಯ ದಿನ ಮುಂದಿನ ಸಾಲಿನ ಇನ್ನೊಬ್ಬರಿಗೆ. ನನ್ನ ಪ್ರಾತ್ಯಕ್ಷಿಕೆ ಅಷ್ಟು ಚೆನ್ನಾಗಿ ಫಲ ಕೊಟ್ಟಿತ್ತು. ಪ್ರತಿದಿನ ಬೆಳಿಗ್ಗೆ ಆ ಹುಡುಗಿಯ ಗಂಡನಿಗೆ ಸಂದೇಶ ಕಳಿಸಿ, ಉತ್ತರ ಬರುವವರೆಗೆ ಫೋನನ್ನು ಮಗುಚಿಟ್ಟು ಕೂರುತ್ತಿದ್ದೆ. ‘ಏನೂ ಇಲ್ಲ ಸರ್’ ಎಂದು ಬರುತ್ತಿತ್ತು. ಒಂದು ಬೆಳಿಗ್ಗೆ ಉತ್ತರ ಬರಲಿಲ್ಲ. ನಾನು ಸೈಟಿನಲ್ಲಿ ಕಾರ್ಮಿಕರ ಮುಂದೆ ನಿಂತವನು ಬಾಯಿ ತೆರೆಯಲಾಗದೆ ಹಾಗೇ ಕಳಿಸಿಬಿಟ್ಟೆ. ಎರಡು ಗಂಟೆಯ ಮೇಲೆ, ಚಾರ್ಜ್ ಮುಗಿದಿತ್ತು ಎಂದು ಉತ್ತರ ಬಂತು. ಕಂಟೇನರ್ ಆಫೀಸಿನ ಹಿಂದೆ ಹೋಗಿ ಅತ್ತುಬಿಟ್ಟೆ.

ಅವಳಿಗೆ ಏನೂ ಆಗಲಿಲ್ಲ. ಮೇ ತಿಂಗಳಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ನವೆಂಬರಿನ ರಾಜ್ಯೋತ್ಸವಕ್ಕೆ ಬಳಗದವರು ನನಗೊಂದು ಸನ್ಮಾನ ಇಟ್ಟುಕೊಂಡರು. ಗುಳ್ಳೆಯ ಕಲೆ ಇನ್ನೂ ಹಣೆಯ ಮೇಲಿದ್ದ ಕಾರ್ಯದರ್ಶಿಗಳೇ ಫೋನ್ ಮಾಡಿ, “ಗೊತ್ತಾದ ಕೂಡಲೇ ಮುಚ್ಚುಮರೆಯಿಲ್ಲದೆ ಹೇಳಿದ್ರಿ ನೋಡಿ, ಅದು ದೊಡ್ಡ ಗುಣ,” ಎಂದರು. ಬೇಡ ಎಂದೆ. ಮೂರು ಸಲ ಬೇಡ ಎಂದೆ. ಪ್ರತಿ ಸಲವೂ ಅವರ ಗೌರವ ಹೆಚ್ಚುತ್ತ ಹೋಯಿತು.

ಅವತ್ತು ವೇದಿಕೆಯ ಪಕ್ಕದಲ್ಲಿ ಕಾಯುತ್ತ ನಿಂತಿದ್ದಾಗ ಅವಳು ಮಗುವನ್ನು ಎತ್ತಿಕೊಂಡು ನನ್ನ ಹತ್ತಿರ ಬಂದಳು. ಆರು ತಿಂಗಳ ಮಗು, ಹಣೆಗೆ ದೊಡ್ಡ ದೃಷ್ಟಿಬೊಟ್ಟು.

“ಇವಳೇ ಸರ್. ನೀವು ತಕ್ಷಣ ಹೇಳಿದ್ದಕ್ಕೆ ಬಚಾವಾದ್ವಿ ನಾವಿಬ್ರೂ. ತಗೊಳ್ಳಿ, ಎತ್ಕೊಳ್ಳಿ,” ಎಂದು ಮಗುವನ್ನು ಚಾಚಿದಳು.

ಕೈ ಮುಂದೆ ಹೋಗಲಿಲ್ಲ. ಧೈರ್ಯದಿಂದ ಹೇಳಿದೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ, ತಡೆಯಲಾಗಲಿಲ್ಲ, ಅಷ್ಟೆ.

“ತಕ್ಷಣ ಹೇಳಲಿಲ್ಲಮ್ಮ. ಶನಿವಾರ ಬೆಳಿಗ್ಗೆಯೇ ಗೊತ್ತಿತ್ತು. ಮೊದಲು ನಿಮಗೆ ಹೇಳಿ ಅಂತ ನಮ್ಮತ್ತೆ ಅವತ್ತೇ ಹೇಳಿದ್ರು. ಎಲ್ಲರೂ ಹೊಗಳ್ತಾ ಇದ್ರು. ನಾನು ಸುಮ್ಮನಿದ್ದೆ. ಫೋನಿನಲ್ಲಿ ನಿಮಗೆ ಹೇಳಿದ್ದು ಸುಳ್ಳು.”

ಅವಳು ಬೈಯಲಿಲ್ಲ. ಮಗುವನ್ನು ವಾಪಸು ಎದೆಗೆ ಒತ್ತಿಕೊಂಡು, ನನ್ನ ಕಡೆಯ ಹೆಗಲಿನಿಂದ ಆಚೆಯ ಹೆಗಲಿಗೆ ಬದಲಿಸಿದಳು.

“ಒಂದು ತಿಂಗಳು, ದಿನಾ ಎದ್ದ ಕೂಡಲೇ ಲೈಟ್ ಹಾಕ್ಕೊಂಡು ಹೊಟ್ಟೆ, ಕೈ, ಬೆನ್ನು ಎಲ್ಲ ನೋಡ್ಕೋತಿದ್ದೆ ಸರ್,” ಎಂದಳು. “ಒಂದು ದಿನಾನೂ ನಿಮ್ಮನ್ನ ಬೈಕೊಂಡಿಲ್ಲ.”

ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕೂಗಿದರು.

“ಹೋಗಿ ಸರ್, ಕರೀತಿದ್ದಾರೆ,” ಎಂದಳು.

ಹೋದೆ. ಶಾಲು ಹೊದಿಸಿದರು, ಹಾರ ಹಾಕಿದರು, ಎರಡು ಮಾತಾಡಿ ಎಂದು ಮೈಕು ಕೈಗಿಟ್ಟರು. ಏನೂ ಮಾತಾಡದೆ ವಾಪಸು ಕೊಟ್ಟು ಇಳಿದೆ. ಅದನ್ನೂ ವಿನಯವೆಂದು ತಿಳಿದು ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅವಳು ತಟ್ಟಲಿಲ್ಲ. ಅವಳ ಎರಡೂ ಕೈ ಮಗುವನ್ನು ಹಿಡಿದಿದ್ದವು.